ಕಾಫಿ ಲೋಟನ ಹೋರ್ಡಿಂಗ್‌ಗೆ ಏರಿಸೋದು ಹೆಂಗೆ: ರೋಡಿಂದ ಕಾಣೋ ಹಂಗೆ ಪ್ರಾಡಕ್ಟ್ ಫೋಟೋ ತೆಗಿಯೋದು

ಮೊದ್ಲು ಒಂದು ಸಣ್ಣ ಲೆಕ್ಕ ಮಾಡೋಣ, ಕ್ಯಾಮೆರಾ ಆಮೇಲೆ ಮುಟ್ಟೋಣ. ಹೈವೇ ಪಕ್ಕ ನಿಂತಿರೋ 40 ಬೈ 20 ಅಡಿ ಹೋರ್ಡಿಂಗ್ ಇದ್ಯಲ್ಲ, ಅದರ ಅಗಲ ಸುಮಾರು 12 ಮೀಟರ್. ಕೆಳಗೆ ನಿಂತು ನೋಡಿದ್ರೆ ಅಬ್ಬಾ ಅನ್ಸತ್ತೆ, ಆದ್ರೆ ಯಾರೂ ಕೆಳಗೆ ನಿಂತು ನೋಡಲ್ಲ, 100 ಮೀಟರ್ ದೂರದಲ್ಲಿ ಕಾರಲ್ಲಿ ಬರ್ತಾ ನೋಡ್ತಾರೆ. ಅಷ್ಟು ದೂರದಿಂದ ಅದು ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣತ್ತೆ ಅಂದ್ರೆ, ಮುಖದಿಂದ ಒಂದಡಿ ದೂರ ಹಿಡ್ಕೊಂಡಿರೋ ಮೊಬೈಲ್‌ನಲ್ಲಿ 3.7 ಸೆಂಟಿಮೀಟರ್ ಅಗಲ, ಎರಡು ಸೆಂಟಿಮೀಟರ್‌ಗೂ ಕಮ್ಮಿ ಎತ್ತರದ ಫೋಟೋ ಎಷ್ಟು ಕಾಣತ್ತೋ ಅಷ್ಟು. ಅಂಚೆ ಸ್ಟ್ಯಾಂಪ್ ಸೈಜು. 200 ಮೀಟರ್‌ನಿಂದ ಆದ್ರೆ ಅದರಲ್ಲೂ ಅರ್ಧ.

ಹಂಗಾಗಿ ನಾನು ಹೋರ್ಡಿಂಗ್ ಕೆಲಸ ಬಂದಾಗ ತಲೇಲಿ ಇಟ್ಕೊಳೋದು ಒಂದೇ ವಿಷಯ, ನಾನು ತೆಗೀತಿರೋದು ದೊಡ್ಡ ಫೋಟೋ ಅಲ್ಲ, ತುಂಬಾ ಚಿಕ್ಕ ಫೋಟೋ. ಕೆಳಗೆ ಬರೆದಿರೋದೆಲ್ಲ ಇದೊಂದರಿಂದಲೇ ಹುಟ್ಟಿದ್ದು.

ಇದು ನಂಗೆ ಬುದ್ಧಿ ಇದ್ದು ಗೊತ್ತಾಗಿದ್ದಲ್ಲ, ಮುಖ ಕೆಡಿಸ್ಕೊಂಡು ಗೊತ್ತಾಗಿದ್ದು. ಕೆಲವು ವರ್ಷದ ಹಿಂದೆ ಒಂದು ಊರಿನ ಕಾಫಿ ಪುಡಿ ಅಂಗಡಿಯವ್ರು ಹಾಸನ ರೋಡಲ್ಲಿ ಒಂದು ಹೋರ್ಡಿಂಗ್ ಬಾಡಿಗೆಗೆ ತಗೊಂಡ್ರು, ಫೋಟೋ ನಂಗೆ ಕೊಟ್ರು. ನಾನು ಭಾರಿ ಉತ್ಸಾಹದಲ್ಲಿ ಕಪ್ಪು ಬ್ಯಾಕ್‌ಗ್ರೌಂಡ್ ಹಾಕಿ, ಮೇಲಿಂದ ಲೋಟದಲ್ಲಿ ಕಾಫಿ ಎತ್ತಿ ಕೆಳಗಡೆ ಡಬರಿಗೆ ಹೊಯ್ಯೋದು, ಎರಡಡಿ ಉದ್ದದ ಧಾರೆ, ಹಿಂದಿಂದ ಲೈಟು, ಹಬೆ ಎಲ್ಲಾ ಸೇರಿಸಿ ಒಂದು ಫೋಟೋ ತೆಗೆದೆ. ಲ್ಯಾಪ್‌ಟಾಪಲ್ಲಿ ನೋಡಿದವ್ರೆಲ್ಲ ಸೂಪರ್ ಅಂದ್ರು. ಹೋರ್ಡಿಂಗ್ ಏರಿದ ಮೇಲೆ ನಾನೇ ಬೈಕಲ್ಲಿ ಹೋಗಿ ನೋಡಿದ್ರೆ ದೂರದಿಂದ ಕಾಣ್ತಿದ್ದಿದ್ದು ಒಂದು ಕಪ್ಪು ಚೌಕ, ನಡುವೆ ಒಂದು ಕಂದು ದಾರ. ನಿಂತಿರೋ ಫೋಟೋನ ಮಲಗಿರೋ ಬೋರ್ಡಿಗೆ ಹಾಕಿದ್ರೆ ಧಾರೆ ಪೂರ್ತಿ ಕಾಣ್ಲಿ ಅಂತ ಲೋಟ ಚಿಕ್ಕದಾಗ್ಲೇಬೇಕಲ್ವಾ, ಅದು ನಂಗೆ ಹೊಳೀಲೇ ಇಲ್ಲ. ಅಂಗಡಿಯವ್ರು ಪಾಪ ಏನೂ ಅನ್ಲಿಲ್ಲ, ಆದ್ರೆ ಮುಂದಿನ ಸಲ ಕರೀಲೂ ಇಲ್ಲ.

ಸರಿ, ಈಗ ಹೆಂಗೆ ಮಾಡೋದು ಅಂತ ನೋಡೋಣ. ಉದಾಹರಣೆಗೆ ಅದೇ ಕಾಫಿ ಪುಡೀನೇ ಇಟ್ಕೊಳ್ತೀನಿ, ಯಾಕಂದ್ರೆ ಸ್ಟೀಲು, ನೊರೆ, ಮಿಂಚೋ ಪ್ಯಾಕೆಟ್ಟು, ಹಬೆ ಅಂತ ಫೋಟೋಗ್ರಾಫರ್‌ಗೆ ತಲೆನೋವು ಕೊಡೋ ಸಾಮಾನೆಲ್ಲ ಅದರಲ್ಲೇ ಇದೆ. ನಿಮ್ದು ಉಪ್ಪಿನಕಾಯಿ, ಅಗರಬತ್ತಿ, ಅಡುಗೆ ಎಣ್ಣೆ ಏನೇ ಆದ್ರೂ ಲೆಕ್ಕ ಒಂದೇ.

ಮೊದಲ ಕೆಲಸ ಜಾಗ ನೋಡ್ಕೊಂಡು ಬರೋದು. ನಿಜವಾಗ್ಲೂ ಹೋಗಿ ಬನ್ನಿ, ಏಜೆನ್ಸಿಯವ್ರು ವಾಟ್ಸಾಪಲ್ಲಿ ಕಳಿಸೋ ಫೋಟೋ ನಂಬ್ಬೇಡಿ, ಅವ್ರು ರೋಡ್ ಮಧ್ಯ ನಿಂತು ಝೂಮ್ ಮಾಡಿ ತೆಗ್ದಿರ್ತಾರೆ. ಸ್ನೇಹಿತರ ಜೊತೆ ಕಾರಲ್ಲಿ ಹೋಗಿ, ನೀವು ಪಕ್ಕದ ಸೀಟಲ್ಲಿ ಕೂತು, ಮೊಬೈಲಲ್ಲಿ 2 ಎಕ್ಸ್ ಝೂಮ್ ಇಟ್ಕೊಂಡು ವಿಡಿಯೋ ಮಾಡಿ. 1 ಎಕ್ಸ್ ಲೆನ್ಸು ತುಂಬಾ ವೈಡ್, ಕಣ್ಣಿಗೆ ಕಾಣೋದಕ್ಕಿಂತ ಬೋರ್ಡು ಇನ್ನೂ ದೂರ ಇದ್ದಂಗೆ ಕಾಣತ್ತೆ. ಎಲ್ಲಿಂದ ಕಾಣೋಕೆ ಶುರುವಾಗತ್ತೆ, ಎಲ್ಲಿ ಮರದ ಕೊಂಬೆ ಅಡ್ಡ ಬರತ್ತೆ, ಯಾವ ಮೂಲೆಗೆ ಕರೆಂಟ್ ಕಂಬ ಬರತ್ತೆ ಅಂತ ಬರ್ಕೊಳಿ. ಎಡಗಡೆ ಕೆಳಗಿನ ಮೂಲೆ ಮರದ ಹಿಂದೆ ಹೋಗತ್ತೆ ಅಂದ್ರೆ ಅಲ್ಲಿ ಪ್ಯಾಕೆಟ್ ಇಡೋದು ಶುದ್ಧ ದಂಡ. ಹಿಂದೆ ಏನಿದೆ, ಬರೀ ಆಕಾಶನಾ, ತೋಟನಾ, ಬಿಲ್ಡಿಂಗಾ? ಪಕ್ಕದಲ್ಲಿ ಇನ್ನೊಂದು ಬೋರ್ಡ್ ಇದ್ರೆ ಅದು ಯಾವ ಬಣ್ಣ? ಸಂಜೆ ಸೂರ್ಯ ಬೋರ್ಡಿನ ಮುಂದೆ ಬರ್ತಾನಾ ಹಿಂದೆ ಬರ್ತಾನಾ? ರಾತ್ರಿ ಲೈಟ್ ಕೆಳಗಿಂದ ಹೊಡೀತಾರಾ ಮೇಲಿಂದನಾ? ಕೆಳಗಿಂದ ಫ್ಲಡ್‌ಲೈಟ್ ಇದ್ರೆ ಕೆಳಗಿನ ಭಾಗ ಬೆಳ್ಳಗೆ ಸುಟ್ಟಂಗೆ ಕಂಡು ಮೇಲಿನ ಭಾಗ ಕತ್ತಲಾಗತ್ತೆ, ಹಂಗಾಗಿ ಮುಖ್ಯವಾದ್ದನ್ನ ತೀರಾ ಮೇಲಿನ ಅಂಚಿಗೂ ಒಯ್ಬಾರ್ದು.

ಇನ್ನೊಂದು, ಬೋರ್ಡು ರೋಡಿಗೆ ಎಷ್ಟು ಓರೆಯಾಗಿದೆ ಅಂತ ನೋಡಿ. 45 ಡಿಗ್ರಿ ಓರೆ ಇದ್ರೆ 40 ಅಡಿ ಅಗಲ ಕಣ್ಣಿಗೆ ಕಾಣೋದು 28 ಅಡಿಯಷ್ಟೇ, ಎತ್ತರ ಮಾತ್ರ ಹಂಗೇ ಇರತ್ತೆ. ಅಡ್ಡಡ್ಡ ಸಾಲಾಗಿ ಆರು ಪ್ಯಾಕೆಟ್ ನಿಲ್ಲಿಸಿ ತೆಗ್ದಿದ್ರೆ ಅವು ಒಂದಕ್ಕೊಂದು ಅಂಟ್ಕೊಂಡು ಬೇಲಿ ಥರ ಕಾಣ್ತವೆ.

ಟೈಮ್ ಲೆಕ್ಕನೂ ಅಲ್ಲೇ ಹಾಕ್ಬಿಡಿ. 80ರ ಸ್ಪೀಡಲ್ಲಿ ಹೋಗೋ ಕಾರು ಸೆಕೆಂಡಿಗೆ 22 ಮೀಟರ್ ಓಡತ್ತೆ. ಬೋರ್ಡು 150 ಮೀಟರ್‌ನಿಂದ ಸರಿಯಾಗಿ ಕಂಡು 40 ಮೀಟರ್ ಹತ್ರ ಬಂದಾಗ ಕಣ್ಣಿಂದ ಜಾರತ್ತೆ ಅಂತಿಟ್ಕೊಂಡ್ರೆ ಸಿಗೋದು ಒಟ್ಟು 5 ಸೆಕೆಂಡು. ಅದರಲ್ಲಿ ಮುಂದಿನ ಲಾರಿ, ಹಂಪ್ಸು, ಎಮ್ಮೆ, ಹೆಂಡ್ತಿ ಫೋನು ಎಲ್ಲಾ ಹೋಗಿ ಡ್ರೈವರ್ ನಿಮ್ಮ ಬೋರ್ಡಿಗೆ ಕೊಡೋದು ಒಂದೋ ಎರಡೋ ಸೆಕೆಂಡ್. ಅಷ್ಟರಲ್ಲಿ ಒಂದು ವಸ್ತು, ಒಂದು ಹೆಸರು, ಒಂದು ಸಾಲು ಹೋದ್ರೆ ನಮ್ಮ ಪುಣ್ಯ.

ಜಾಗ ನೋಡಿ ಬಂದ್ಮೇಲೆ ಅಳತೆ. ಅಗಲಕ್ಕೂ ಎತ್ತರಕ್ಕೂ ಲೆಕ್ಕ ಹಾಕಿದ್ರೆ ಕ್ಯಾಮೆರಾ ಫ್ರೇಮು 3:2, ಹೋರ್ಡಿಂಗು 2:1, ಕೆಲವು ಕಡೆ 60 ಬೈ 20 ಇರತ್ತೆ ಅದು 3:1. ಅಂದ್ರೆ ಕ್ಯಾಮೆರಾದಲ್ಲಿ ಚೆನ್ನಾಗಿ ಕಂಡ ಫ್ರೇಮಿನ ಮೇಲಿನ ಭಾಗ ಕೆಳಗಿನ ಭಾಗ ಕಟ್ ಆಗೇ ಆಗತ್ತೆ. ಇದಕ್ಕೆ ನಾನು ಮಾಡೋ ನಾಟಿ ಉಪಾಯ, ಕ್ಯಾಮೆರಾನ ಲ್ಯಾಪ್‌ಟಾಪಿಗೆ ಕನೆಕ್ಟ್ ಮಾಡಿ, ಸ್ಕ್ರೀನಿನ ಮೇಲ್ಗಡೆ ಕೆಳಗಡೆ ಪೇಪರ್ ಟೇಪ್ ಅಂಟ್ಸಿ 2:1 ಕಿಟಕಿ ಮಾಡ್ಕೊಳೋದು. ಆ ಕಿಟಕಿ ಒಳಗೆ ಏನು ಕಾಣತ್ತೋ ಅದೇ ಫೋಟೋ, ಹೊರಗಿರೋದು ಇಲ್ಲವೇ ಇಲ್ಲ. ಸುತ್ತಾ ಸ್ವಲ್ಪ ಬ್ಯಾಕ್‌ಗ್ರೌಂಡ್ ಜಾಸ್ತಿ ಬಿಡಿ, ಫ್ಲೆಕ್ಸನ್ನ ಕಬ್ಬಿಣದ ಫ್ರೇಮಿಗೆ ಮಡಚಿ ಕಟ್ಟೋವಾಗ ಅಂಚು ಒಳಗೆ ಹೋಗತ್ತೆ, ಎಷ್ಟು ಇಂಚು ಅಂತ ಪ್ರಿಂಟರ್‌ನ ಮೊದ್ಲೇ ಕೇಳಿ. ಕೆಳಗಡೆ ಏಜೆನ್ಸಿಯವ್ರು ತಮ್ಮ ಹೆಸರು ನಂಬರಿನ ಪಟ್ಟಿ ಹೊಡೀತಾರಾ ಅನ್ನೋದೂ ಕೇಳಿ.

ಈಗ ಅಸಲಿ ಪ್ರಶ್ನೆ, ಏನನ್ನ ತೋರಿಸ್ಬೇಕು.

ಇದಕ್ಕೆ ಒಂದು ಟೆಸ್ಟ್ ಇದೆ, ವಸ್ತುವಿನ ಆಕಾರನ ಪೂರ್ತಿ ಕಪ್ಪು ಮಾಡಿ ನೋಡಿ, ನೆರಳು ಥರ. ಏನು ಅಂತ ಗೊತ್ತಾಗತ್ತಾ? ಕಾಫಿ ಪುಡಿ ಪ್ಯಾಕೆಟ್‌ನ ಕಪ್ಪು ಮಾಡಿದ್ರೆ ಅದು ಸೋಪಿನ ಪುಡಿನೂ ಆಗ್ಬೋದು, ಹಸು ಫೀಡೂ ಆಗ್ಬೋದು. ಅದೇ ಲೋಟ ಡಬರಿನ ಕಪ್ಪು ಮಾಡಿ, ಮೇಲೆ ಬಾಯಿ ಹೊರಗೆ ಮಡಚಿರೋ ಲೋಟ, ಕೆಳಗೆ ಅಗಲದ ಡಬರಿ, ನಮ್ಮ ಕಡೆ ಮಗೂನೂ ಕಾಫಿ ಅನ್ನತ್ತೆ. ಹಂಗಾಗಿ ಹೀರೋ ಲೋಟ, ಪ್ಯಾಕೆಟ್ ಸೈಡ್ ಆಕ್ಟರ್. ಪ್ಯಾಕೆಟ್ಟೇ ಹೀರೋ ಆಗ್ಬೇಕು ಅಂತ ಮಾಲೀಕರು ಹಠ ಹಿಡಿದ್ರೆ ಲೋಟ ಬೇಡ ಅನ್ನಿ, ಪ್ಯಾಕೆಟ್‌ನ ಬೋರ್ಡಿನ ಎತ್ತರಕ್ಕೆ ನಿಲ್ಸಿ. ಎರಡೂ ಅರ್ಧರ್ಧ ಸೈಜಲ್ಲಿ ಇಟ್ರೆ ಎರಡೂ ಕಾಣಲ್ಲ.

ಮಾಲೀಕರ ಜೊತೆ ಜಗಳ ಇಲ್ಲೇ ಶುರುವಾಗೋದು. ಅವ್ರಿಗೆ ಆರು ವೆರೈಟಿ ಪ್ಯಾಕೆಟ್, ಅಂಗಡಿ ಫೋಟೋ, ದೇವರ ಫೋಟೋ, ಮೂರು ಫೋನ್ ನಂಬರು, ಹಬ್ಬದ ಆಫರ್ ಎಲ್ಲಾ ಬೇಕು, ಇಷ್ಟು ಬಾಡಿಗೆ ಕೊಟ್ಟು ಜಾಗ ಖಾಲಿ ಬಿಡೋದಾ ಅಂತ ಕೇಳ್ತಾರೆ, ಅವ್ರ ದುಡ್ಡು, ಅವ್ರು ಕೇಳೋದ್ರಲ್ಲಿ ತಪ್ಪೇನೂ ಇಲ್ಲ. ನಾನು ವಾದ ಮಾಡಲ್ಲ. ಅವ್ರು ಹೇಳಿದಂಗೆ ಒಂದು ಡಿಸೈನು, ನನ್ನದೊಂದು ಡಿಸೈನು, ಎರಡನ್ನೂ ಸ್ಟ್ಯಾಂಪ್ ಸೈಜಿಗೆ ಪ್ರಿಂಟ್ ತೆಗ್ದು ಟೇಬಲ್ ಮೇಲೆ ಇಟ್ಟು ಸರ್ ಇದು ಹೈವೇಲಿ ಕಾಣೋ ಸೈಜು, ಯಾವುದು ಬೇಕು ಹೇಳಿ ಅಂತೀನಿ. ಹತ್ತಕ್ಕೆ ಏಳೆಂಟು ಸಲ ಕೆಲಸ ಮಾಡತ್ತೆ. ಇಲ್ಲಾಂದ್ರೆ ಅಮುಲ್ ಹೋರ್ಡಿಂಗ್ ತೋರಿಸಿ. 1966ರಿಂದ ಬರ್ತಿರೋದು, ಅದು ಫೋಟೋ ಅಲ್ಲ ಕಾರ್ಟೂನು ನಿಜ, ಆದ್ರೆ ಒಂದು ಚಿತ್ರ, ಒಂದು ಚಿಕ್ಕ ಸಾಲು, ಹೆಸರು, ಅಷ್ಟೇ. ಫೋನ್ ನಂಬರ್ ಯಾರೂ ಕೇಳ್ಲಿಲ್ಲ.

ಸೈಜು ಎಷ್ಟು? ಲೋಟ ಬೋರ್ಡಿನ ಎತ್ತರದಲ್ಲಿ ಮುಕ್ಕಾಲು ಭಾಗನಾದ್ರೂ ಇರ್ಬೇಕು. ಧೈರ್ಯ ಇದ್ರೆ ಡಬರಿ ಕೆಳಭಾಗನ ಫ್ರೇಮಿಂದ ಆಚೆ ಕತ್ತರಿಸಿ, ಇನ್ನೂ ದೊಡ್ಡದಾಗತ್ತೆ. ವಸ್ತು ಪೂರ್ತಿ ಕಾಣ್ಬೇಕು ಅನ್ನೋದು ಕ್ಯಾಟಲಾಗಿನ ಅಭ್ಯಾಸ. ಆದ್ರೆ ಲೋಟದ ಬಾಯಿ, ನೊರೆ, ಬಾಯಿ ಅಂಚಿನ ಮಡಿಕೆ ಇಷ್ಟನ್ನ ಯಾವ ಕಾರಣಕ್ಕೂ ಕತ್ತರಿಸ್ಬೇಡಿ, ಗುರುತು ಸಿಗೋದೇ ಅದರಿಂದ.

ಅಕ್ಷರಕ್ಕೆ ಜಾಗ ಬಿಡೋದ್ರಲ್ಲಿ ಕನ್ನಡಕ್ಕೆ ಒಂದು ವಿಶೇಷ ತೊಂದರೆ ಇದೆ, ಇದನ್ನ ಇಂಗ್ಲಿಷ್ ಟ್ಯುಟೋರಿಯಲ್ ನೋಡಿ ಕಲಿತವ್ರು ಮರೀತಾರೆ. ಬೋರ್ಡ್ ಬರೆಯೋರು ಹೇಳೋ ಲೆಕ್ಕ, ಪ್ರತಿ 10 ಅಡಿ ದೂರಕ್ಕೆ ಅಕ್ಷರ 1 ಇಂಚು ಎತ್ತರ ಇದ್ರೆ ಆರಾಮಾಗಿ ಓದ್ಬೋದು. 100 ಮೀಟರ್ ಅಂದ್ರೆ 328 ಅಡಿ, ಅಕ್ಷರ 33 ಇಂಚು, ಹತ್ತತ್ರ ಎರಡೂ ಮುಕ್ಕಾಲು ಅಡಿ. ಇದು ಇಂಗ್ಲಿಷ್ ಕ್ಯಾಪಿಟಲ್ ಅಕ್ಷರಕ್ಕೆ ಸರಿ. ಕನ್ನಡದಲ್ಲಿ ಮೇಲೆ ಗುಡಿಸು ಬರತ್ತೆ, ಕೆಳಗೆ ಒತ್ತಕ್ಷರ ಬರತ್ತೆ, ಒತ್ತಕ್ಷರ ಚಿಕ್ಕದು ಬೇರೆ. "ಹಬ್ಬ"ದ ಕೆಳಗಿನ ಒತ್ತು ಕಾಣ್ದಿದ್ರೆ ಅದು ಏನೋ ಒಂದಾಗತ್ತೆ. ಹಂಗಾಗಿ ಒಂದು ಸಾಲಿಗೆ ಒತ್ತು ಸೇರಿ ನಾಲ್ಕಡಿ ಅಂತ ಇಟ್ಕೊಳಿ, ಹೆಸರು ಒಂದು ಸಾಲು, ಮಾತು ಒಂದು ಸಾಲು, ಎಂಟಡಿ ಹೋಯ್ತು 20ರಲ್ಲಿ. ಅಂದ್ರೆ ಫೋಟೋ ತೆಗಿಯೋವಾಗ್ಲೇ ಬೋರ್ಡಿನ ಒಂದು ಕಡೆ, ಅಗಲದಲ್ಲಿ ಅರ್ಧಕ್ಕಿಂತ ಜಾಸ್ತಿ, ಏನೇನೂ ಇಲ್ದೆ ಸಪಾಟಾಗಿ ಬಿಟ್ಟಿರ್ಬೇಕು. ಕಾಫಿ ಬೀಜ ಚೆಲ್ಲಿ, ಗೋಣಿಚೀಲ ಹಾಸಿ, ಏಲಕ್ಕಿ ಎಲೆ ಇಟ್ಟು ಅಲಂಕಾರ ಮಾಡಿದ್ರೆ ಡಿಸೈನರ್ ಬಂದು ಅದರ ಮೇಲೇ ಅಕ್ಷರ ಹಾಕ್ತಾನೆ, ಅಕ್ಷರ ಕಾಣಲ್ಲ ಅಂತ ಹಿಂದೆ ಬಿಳಿ ಪಟ್ಟಿ ಹೊಡೀತಾನೆ, ಅಲ್ಲಿಗೆ ನಿಮ್ಮ ಫೋಟೋ ಕತೆ ಮುಗೀತು. ಸಾಧ್ಯ ಆದ್ರೆ ಶೂಟಿಂಗ್ ದಿನ ಡಿಸೈನರ್‌ನ ಕರೆಸ್ಕೊಳಿ, ಇಲ್ಲಾ ಅಕ್ಷರದ ಲೇಔಟ್ ಒಂದು ಪಿಎನ್‌ಜಿ (ಅಕ್ಷರದ ಹಿಂದೆ ಪಾರದರ್ಶಕ ಇರೋ ಫೈಲು) ಇಸ್ಕೊಂಡು ಲ್ಯಾಪ್‌ಟಾಪಲ್ಲಿ ಫೋಟೋ ಮೇಲೆ ಇಟ್ಟು ನೋಡ್ತಾ ತೆಗೀರಿ.

ಬ್ಯಾಕ್‌ಗ್ರೌಂಡ್ ಬಣ್ಣ. ಸಕಲೇಶಪುರದ ಕಡೆ ಬೋರ್ಡು ಅಂದ್ರೆ ಹಿಂದೆಲ್ಲ ಹಸಿರು, ಕಾಫಿ ತೋಟ ಅಂತ ಭಾವುಕರಾಗಿ ಹಸಿರು ಬ್ಯಾಕ್‌ಗ್ರೌಂಡ್ ಹಾಕಿದ್ರೆ ಬೋರ್ಡು ಕಾಡಲ್ಲಿ ಕರಗೋಗತ್ತೆ. ಆಕಾಶದ ಎದುರು ನಿಂತಿರೋ ಬೋರ್ಡಿಗೆ ತಿಳಿ ನೀಲಿ, ಬೂದು ಬಿಳಿ ಬೇಡ. ಕಾಫಿಗೆ ನಂಗಿಷ್ಟ ಆಗೋದು ಗಾಢ ಹಳದಿ ಅಥವಾ ಕುಂಕುಮದ ಕೆಂಪಿಗೆ ಹತ್ತಿರದ್ದು, ಎರಡರ ಮೇಲೂ ಸ್ಟೀಲು ಎದ್ದು ಕಾಣತ್ತೆ. ಕಂದು ಮಾತ್ರ ಬೇಡ, ಕಾಫಿ ಅಂದ ತಕ್ಷಣ ಕಂದು ಅನ್ನೋದು ಎಲ್ಲಾರ ತಲೇಲೂ ಬರತ್ತೆ, ಆದ್ರೆ ಕಂದಿನ ಮೇಲೆ ಕಂದು ಕಾಫಿ ಇಟ್ರೆ ಏನು ಉಳೀತು. ಇದನ್ನ ಚೆಕ್ ಮಾಡೋಕೆ ಫೋಟೋನ ಬ್ಲಾಕ್ ಅಂಡ್ ವೈಟ್ ಮಾಡಿ ನೋಡಿ, ವಸ್ತುನೂ ಬ್ಯಾಕ್‌ಗ್ರೌಂಡೂ ಒಂದೇ ಬೂದಿ ಬಣ್ಣ ಆಯ್ತು ಅಂದ್ರೆ ಬಣ್ಣ ಎಷ್ಟೇ ಬೇರೆ ಇದ್ರೂ ದೂರಕ್ಕೆ ಎರಡೂ ಕಲಸೋಗತ್ತೆ.

ಈಗ ಲೈಟಿಂಗ್, ಇದೇ ಜಾಸ್ತಿ ಹೊತ್ತು ತಿನ್ನೋದು.

ಸ್ಟೀಲ್ ಲೋಟ ಅಂದ್ರೆ ದುಂಡಗಿರೋ ಕನ್ನಡಿ. ಅದರ ಫೋಟೋ ತೆಗಿಯೋದು ಅಂದ್ರೆ ನಿಮ್ಮ ರೂಮಿನ ಫೋಟೋ ತೆಗ್ದಂಗೆ, ಫ್ಯಾನು, ಕಿಟಕಿ, ನಿಮ್ಮ ಅಂಗಿ, ಟ್ರೈಪಾಡು ಎಲ್ಲಾ ಅದರೊಳಗೆ ಇರತ್ತೆ. ಲೆನ್ಸಿಗೆ ಪೋಲರೈಸರ್ ಅನ್ನೋ ಪ್ರತಿಫಲನ ತೆಗಿಯೋ ಫಿಲ್ಟರ್ ಹಾಕಿದ್ರೆ ಹೋಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಗಾಜು, ನೀರು, ಪ್ಲಾಸ್ಟಿಕ್ ಮೇಲೆ ಅದು ಕೆಲಸ ಮಾಡತ್ತೆ, ಬರೀ ಲೋಹದ ಮೇಲೆ ಮಾಡಲ್ಲ. ಮಾಡ್ಬೇಕಾದ್ದು ಲೋಟಕ್ಕೆ ನೋಡೋಕೆ ಒಳ್ಳೇದನ್ನ ಕೊಡೋದು. ಎಡಕ್ಕೊಂದು ಬಲಕ್ಕೊಂದು ದೊಡ್ಡ ಥರ್ಮಾಕೋಲ್ ಶೀಟು ಇಲ್ಲಾ ಫ್ರೇಮಿಗೆ ಎಳೆದು ಕಟ್ಟಿದ ಟ್ರೇಸಿಂಗ್ ಪೇಪರು, ಅದರ ಹಿಂದಿಂದ ಲೈಟು. ಮುಂದೆ ಕ್ಯಾಮೆರಾ ಇರೋ ಕಡೆನೂ ಬಿಳಿ ಶೀಟು, ಅದರಲ್ಲಿ ಲೆನ್ಸ್ ಇಣುಕೋಷ್ಟು ತೂತು. ಆಗ ಲೋಟ ಪೂರ್ತಿ ಬೆಳ್ಳಗೆ ಆಗತ್ತೆ, ಮಿಂಚೂ ಇಲ್ಲ ಆಕಾರನೂ ಇಲ್ಲ, ಹಿಟ್ಟಿನ ಉಂಡೆ ಥರ ಕಾಣತ್ತೆ. ಹೆದರ್ಬೇಡಿ. ಈಗ ಕಪ್ಪು ಚಾರ್ಟ್ ಪೇಪರ್‌ನ ಮೂರು ನಾಲ್ಕು ಇಂಚು ಅಗಲದ ಪಟ್ಟಿ ಕತ್ತರಿಸಿ ಲೋಟದ ಎರಡೂ ಪಕ್ಕ, ಸ್ವಲ್ಪ ಹಿಂದೆ, ಫ್ರೇಮಿಂದ ಆಚೆ ನಿಲ್ಸಿ. ಲೋಟದ ಎರಡು ಅಂಚಿಗೂ ಉದ್ದುದ್ದ ಕಪ್ಪು ಗೆರೆ ಬಂದು ಕೂರತ್ತೆ, ತಕ್ಷಣ ಸ್ಟೀಲು ಸ್ಟೀಲ್ ಥರ ಕಾಣತ್ತೆ. ಪಟ್ಟಿನ ಒಂದಿಂಚು ಹಿಂದೆ ಮುಂದೆ ಸರಿಸ್ತಾ ಗೆರೆ ದಪ್ಪ ಮಾಡಿ, ಕಣ್ಣಿಗೆ ಚೂರು ಜಾಸ್ತಿ ಆಯ್ತು ಅನ್ಸೋಷ್ಟು ದಪ್ಪ. ಇನ್‌ಸ್ಟಾಗ್ರಾಮಿಗೆ ಆದ್ರೆ ತೆಳ್ಳಗೆ ಸಾಕು, ಸ್ಟ್ಯಾಂಪ್ ಸೈಜಿಗೆ ಇಳಿದಾಗ ತೆಳು ಗೆರೆ ಮಾಯ.

ಹಿಂದೆ ಬೆಂಗ್ಳೂರಿನ ಕೆ.ಜಿ. ರೋಡ್ ಥಿಯೇಟರ್‌ಗಳ ಮುಂದೆ ಕೈಲಿ ಬರೆದ ಕಟೌಟ್ ಇರ್ತಿದ್ವಲ್ಲ, ಮುಖದ ಅಂಚಿಗೆ ಹಳದಿನೋ ಕೆಂಪೋ ದಪ್ಪ ಗೆರೆ ಎಳ್ದಿರೋರು. ಹತ್ರದಿಂದ ನೋಡಿದ್ರೆ ಇದೇನಪ್ಪ ಅನ್ಸೋದು, ಮೆಜೆಸ್ಟಿಕ್ ಕಡೆಯಿಂದ ನಡ್ಕೊಂಡು ಬರೋವಾಗ ನೋಡಿದ್ರೆ ಮುಖ ಎದ್ದು ಬರ್ತಿತ್ತು. ನಾವು ಈ ಕಪ್ಪು ಗೆರೆಯಿಂದ ಮಾಡೋದೂ, ಅಂಚಿಗೆ ಬೆಳಕು ಕೊಟ್ಟು ರಿಮ್ ಲೈಟ್ ಅಂತ ಮಾಡೋದೂ ಅದೇ ಕೆಲಸ.

ಲೋಟಕ್ಕೆ ಗ್ಲೌಸ್ ಹಾಕ್ಕೊಂಡೇ ಮುಟ್ಟಿ, ಬೆರಳ ಗುರುತು ರೀಟಚ್ ಮಾಡೋಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ. ಅಂಗಡಿಯಿಂದ ಹೊಸ ಲೋಟ ತನ್ನಿ. ಒಂದ್ಸಲ ಕ್ಲೈಂಟ್ ಮನೆಯಿಂದ ತಂದ ಲೋಟದ ಮೇಲೆ ಚುಕ್ಕಿ ಚುಕ್ಕಿಯಾಗಿ ಅವ್ರ ಅಜ್ಜಿ ಹೆಸರು, ಮದುವೆ ತಾರೀಖು ಕೊರ್ಸಿತ್ತು, ಶೂಟ್ ಮುಗಿದ ಮೇಲೆ ಝೂಮ್ ಮಾಡಿದಾಗ ಗೊತ್ತಾಯ್ತು.

ಕ್ಯಾಮೆರಾ ಎತ್ತರದ ಬಗ್ಗೆ ಬೇರೆ ಬೇರೆಯವ್ರು ಬೇರೆ ಬೇರೆ ಹೇಳ್ತಾರೆ. ನನ್ನ ಅಭಿಪ್ರಾಯ, ಲೋಟದ ಬಾಯಿ ಮಟ್ಟಕ್ಕೆ ಇಲ್ಲಾ ಚೂರು ಕೆಳಗೆ. ಜನ ಬೋರ್ಡನ್ನ ತಲೆ ಎತ್ತಿ ನೋಡ್ತಾರೆ, ಫೋಟೋದ ನೋಟನೂ ಹಂಗೇ ಇದ್ರೆ ಲೋಟ ಗೋಪುರದ ಥರ ನಿಲ್ಲತ್ತೆ. ಆದ್ರೆ ಅಷ್ಟು ಕೆಳಗಿಂದ ತೆಗ್ದರೆ ಒಳಗಿರೋ ಕಾಫಿ ಕಾಣಲ್ಲ, ಖಾಲಿ ಲೋಟ ಅನ್ಸತ್ತೆ. ಅದಕ್ಕೇ ನೊರೆ ಲೋಟದ ಬಾಯಿಂದ ಮೇಲಕ್ಕೆ ಗುಮ್ಮಟದ ಥರ ಉಬ್ಬಿರ್ಬೇಕು. ನೊರೆ ಒಂದೆರಡು ನಿಮಿಷಕ್ಕೆ ಕೂತ್ಬಿಡತ್ತೆ, ಹಂಗಾಗಿ ಲೈಟು ಫೋಕಸ್ಸು ಎಲ್ಲಾ ಖಾಲಿ ಲೋಟ ಇಟ್ಟು ಸೆಟ್ ಮಾಡ್ಕೊಂಡು, ಕೊನೆಗೆ ಗಟ್ಟಿ ಹಾಲನ್ನ ಬ್ಯಾಟರಿ ಕಡಗೋಲಲ್ಲಿ ನೊರೆ ಬರ್ಸಿ ಚಮಚದಲ್ಲಿ ಮೇಲೆ ಇಟ್ಟು ಟಕ ಟಕ ಅಂತ ತೆಗೀಬೇಕು. ನೊರೆಯ ಒಂದು ಕಡೆ ಡಿಕಾಕ್ಷನ್ ನಾಲ್ಕು ಹನಿ ಬಿಡಿ, ಆ ಕಂದು ಗುರುತೇ ಇದು ಹಾಲಲ್ಲ ಕಾಫಿ ಅಂತ ಹೇಳೋದು. ಸ್ಟ್ಯಾಂಪ್ ಸೈಜಲ್ಲಿ ಬಿಳಿ ನೊರೆ ಬರೀ ಹಾಲು, ಮಜ್ಜಿಗೆ ಏನ್ ಬೇಕಾದ್ರೂ ಆಗ್ಬೋದು.

ಹಬೆ? ನಾನು ಬಿಟ್ಬಿಟ್ಟಿದೀನಿ. ಹಬೆ ಕಾಣ್ಬೇಕಂದ್ರೆ ಹಿಂದೆ ಕಪ್ಪು ಇರ್ಬೇಕು, ಹಿಂದಿಂದ ಲೈಟ್ ಬೀಳ್ಬೇಕು, ನಮ್ಮ ಬೋರ್ಡಿಗೆ ಕಪ್ಪು ಬೇಡ. ಬೇರೆ ತೆಗ್ದು ಫೋಟೋಶಾಪಲ್ಲಿ ಸ್ಕ್ರೀನ್ ಮೋಡ್‌ನಲ್ಲಿ (ಕಪ್ಪು ಮಾಯವಾಗಿ ಹಬೆ ಮಾತ್ರ ಉಳಿಯೋ ಮೋಡ್) ಮೇಲೆ ಕೂರಿಸ್ಬೋದು, ಕೆಂಪು ಬ್ಯಾಕ್‌ಗ್ರೌಂಡಲ್ಲಿ ಪರವಾಗಿಲ್ಲ ಅನ್ನೋ ಹಂಗೆ ಕಾಣತ್ತೆ, ಆದ್ರೆ 100 ಮೀಟರ್‌ನಿಂದ ಅದು ಪ್ರಿಂಟಿಂಗ್ ಕಲೆ ಥರ ಕಾಣೋದೇ ಜಾಸ್ತಿ.

ಪ್ಯಾಕೆಟ್ಟಿಗೆ ಬಂದ್ರೆ, ಫ್ಯಾಕ್ಟರಿಯಿಂದ ಮಡಿಕೆ ಬೀಳ್ದೇ ಇರೋದನ್ನ ಹತ್ತಾದ್ರೂ ತರಿಸ್ಕೊಳಿ, ಪುಡಿ ಜೊತೆ ಒಳಗೆ ರಟ್ಟು ಇಟ್ಟು ಮುಖ ಚಪ್ಪಟೆ ಮಾಡಿ, ದೊಡ್ಡ ಮೆತ್ತನೆ ಲೈಟು ಪಕ್ಕದಿಂದ ಕೊಡಿ. ಮುಖದ ಮೇಲೆ ಬಿಳಿ ಹೊಳಪು ಬಿದ್ರೆ ಹೆಸರು ಹೋಯ್ತು ಅಂತ ಅರ್ಥ. ಹೊಳಪು ಬೇಕೇ ಬೇಕು ಅಂದ್ರೆ ಅಂಚಲ್ಲಿ ಒಂದು ಪಟ್ಟಿ ಸಾಕು.

ಕ್ಯಾಮೆರಾ ಸೆಟ್ಟಿಂಗಲ್ಲಿ ದೊಡ್ಡ ರಹಸ್ಯ ಇಲ್ಲ. 85 ಇಲ್ಲಾ 100 ಎಂಎಂ ಲೆನ್ಸು, ಎಫ್ 11 (ಮುಂದಿಂದ ಹಿಂದಿನವರೆಗೂ ಶಾರ್ಪಾಗಿ ಬರೋಷ್ಟು ಲೆನ್ಸಿನ ತೂತು ಸಣ್ಣಗೆ), ಐಎಸ್‌ಒ 100, ಟ್ರೈಪಾಡ್. ಎಫ್ 2ರಲ್ಲಿ ಹಿಂದೆಲ್ಲ ಬ್ಲರ್ ಮಾಡೋ ಆಸೆ ಬಿಡಿ, ಲೋಟದ ಹಿಂದಿನ ಅಂಚು, ಡಬರಿಯ ಅಂಚು ಮೆತ್ತಗಾದ್ರೆ ಆಕಾರನೇ ಮೆತ್ತಗಾಗತ್ತೆ.

ಒಂದು ಎಚ್ಚರಿಕೆ ಮಾತು ಮಧ್ಯದಲ್ಲೇ ಹೇಳ್ಬಿಡ್ತೀನಿ. ನೊರೆಗೆ ಸೋಪು, ಡಿಕಾಕ್ಷನ್ ಬದ್ಲು ಬಣ್ಣದ ನೀರು ಇವೆಲ್ಲ ಫೀಲ್ಡಲ್ಲಿ ನಡೀತವೆ, ನಾನು ಮಾಡಲ್ಲ. ಅದಕ್ಕಿಂತ ಮುಖ್ಯ, ಪುಡೀಲಿ ಚಿಕೋರಿ ಇದ್ರೆ ಎಷ್ಟು ಪರ್ಸೆಂಟ್ ಅಂತ ಪ್ಯಾಕೆಟ್ ಮೇಲೆ ಹಾಕಲೇಬೇಕು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ರೂಲ್ ಇದೆ, ಕಾಫಿ 51 ಪರ್ಸೆಂಟಿಗಿಂತ ಕಮ್ಮಿ ಇರೋ ಹಂಗೂ ಇಲ್ಲ. ಅಂಥ ಪುಡಿಗೆ ಬರೀ ಕಾಫಿ ಬೀಜದ ರಾಶಿ ತೋರ್ಸಿ ಶುದ್ಧ ಕಾಫಿ ಅಂತ ಬರೆದ್ರೆ ಅದು ದಾರಿ ತಪ್ಪಿಸೋ ಜಾಹೀರಾತು, 2019ರ ಗ್ರಾಹಕರ ಕಾಯ್ದೆ ಪ್ರಕಾರ 10 ಲಕ್ಷದವರೆಗೂ ದಂಡ ಬೀಳ್ಬೋದು. ದಂಡ ಬೀಳೋದು ಮಾಲೀಕರಿಗೆ, ಆದ್ರೆ ಬೀಜದ ರಾಶಿ ತೆಗ್ದವ್ರು ನಾವೇ ತಾನೇ, ಮೊದ್ಲೇ ಕೇಳ್ಬಿಡಿ.

ಮೆಗಾಪಿಕ್ಸೆಲ್ ಬಗ್ಗೆ ಎಲ್ಲಾರೂ ಕೇಳ್ತಾರೆ, 40 ಅಡಿ ಪ್ರಿಂಟಿಗೆ ನಿನ್ನ 24 ಮೆಗಾಪಿಕ್ಸೆಲ್ ಸಾಕಾ ಅಂತ. ಸಾಕು, ಜಾಸ್ತಿನೇ ಆಯ್ತು. 6000 ಪಿಕ್ಸೆಲ್ ಅಗಲನ 480 ಇಂಚಿಗೆ ಹರಡಿದ್ರೆ ಇಂಚಿಗೆ 12 ಚಿಲ್ಲರೆ ಡಾಟ್, ಅಂದ್ರೆ ಒಂದೊಂದು ಡಾಟೂ 2 ಮಿಲಿಮೀಟರ್. ಒಳ್ಳೆ ಕಣ್ಣು ಬಿಡಿಸಿ ನೋಡೋಕಾಗೋದು ಒಂದು ಡಿಗ್ರಿಯ 60ರಲ್ಲಿ ಒಂದು ಭಾಗ, 100 ಮೀಟರ್ ದೂರದಲ್ಲಿ ಅದು 29 ಮಿಲಿಮೀಟರ್ ಆಗತ್ತೆ, 30 ಮೀಟರ್‌ನಲ್ಲಿ 9. ಎಲ್ಲಿಯ 2 ಎಲ್ಲಿಯ 29. ಆಪಲ್‌ನವ್ರು 2015ರಲ್ಲಿ ಐಫೋನ್ 6ರಲ್ಲಿ ಜನ ತೆಗ್ದ ಫೋಟೋಗಳನ್ನ ಪ್ರಪಂಚದ ಎಷ್ಟೋ ಊರಲ್ಲಿ ಹೋರ್ಡಿಂಗ್ ಹಾಕಿದ್ರಲ್ಲ, ಆ ಫೋನಿನ ಕ್ಯಾಮೆರಾ 8 ಮೆಗಾಪಿಕ್ಸೆಲ್. ಇದಕ್ಕೆ ತದ್ವಿರುದ್ಧ ಕೊಡಾಕ್‌ನವ್ರು ನ್ಯೂಯಾರ್ಕ್‌ನ ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ ಒಳಗೆ 1950ರಿಂದ 1990ರ ತನಕ ಇಟ್ಟಿದ್ದ ಕಲರಾಮ, 18 ಅಡಿ ಎತ್ತರ 60 ಅಡಿ ಅಗಲದ ಫಿಲ್ಮು, ಹಿಂದಿಂದ ಲೈಟು. ಅಲ್ಲಿ ಜನ ರೈಲಿಗೆ ಕಾಯ್ತಾ, ಓಡಾಡ್ತಾ, ತಲೆ ಎತ್ತಿ ಬೇಕಾದಷ್ಟು ಹೊತ್ತು ನೋಡೋರು, ಹಂಗಾಗಿ ಡೀಟೇಲ್ ತುಂಬಿದ್ರೂ ನಡೀತಿತ್ತು. ನಮ್ಮ ಹೈವೇ ಬೋರ್ಡಿಗೆ ಆ ಭಾಗ್ಯ ಇಲ್ಲ.

ಅದೇ ಫೋಟೋ ಬಸ್ ಸ್ಟಾಪಿಗೂ ಹಾಕ್ತಾರೆ ಅಂದ್ರೆ ಮಾತು ಬೇರೆ. ಅಲ್ಲಿ ಜನ ಒಂದು ಮೀಟರ್ ದೂರದಲ್ಲಿ ಕಾಲು ಗಂಟೆ ನಿಂತಿರ್ತಾರೆ, ಇಂಚಿಗೆ 100 ಡಾಟ್ ಆದ್ರೂ ಬೇಕು, ಅಜ್ಜಿ ಹೆಸರೂ ಕಾಣತ್ತೆ. ಊರೊಳಗೆ ಸಿಗ್ನಲ್ ಹತ್ರ ಇರೋ 20 ಬೈ 10 ಬೋರ್ಡು ಇವೆರಡರ ಮಧ್ಯದ್ದು, 30 ಮೀಟರ್‌ನಿಂದ ಅದು ಒಂದಡಿ ದೂರ ಹಿಡಿದ ಮೊಬೈಲ್‌ನ ಅಗಲಕ್ಕಿಂತ ಚೂರು ಕಮ್ಮಿ ಕಾಣತ್ತೆ, ಕೆಂಪು ಲೈಟ್ ಬಿದ್ದಾಗ ಜನ ಓದ್ತಾರೆ ಕೂಡ, ಅಲ್ಲಿ ಪ್ಯಾಕೆಟ್‌ನೂ ಒಂದು ಸಾಲು ಜಾಸ್ತಿ ಮಾತನ್ನೂ ಸೇರಿಸ್ಬೋದು.

ಪ್ರಿಂಟಿಗೆ ಕೊಡೋವಾಗ ಹತ್ತನೇ ಒಂದು ಸೈಜಲ್ಲಿ ಫೈಲ್ ಮಾಡೋದು ರೂಢಿ, 48 ಬೈ 24 ಇಂಚು, 150 ಡಿಪಿಐ (ಇಂಚಿಗೆ 150 ಡಾಟ್), ಸಿಎಂವೈಕೆ ಅಂದ್ರೆ ಪ್ರಿಂಟಿಂಗ್ ಇಂಕಿನ ನಾಲ್ಕು ಬಣ್ಣದ ಲೆಕ್ಕ, ಲೇಯರ್ ಎಲ್ಲಾ ಒಂದೇ ಮಾಡಿದ ಟಿಫ್ ಫೈಲು. ಸ್ಕ್ರೀನಿನ ಆರ್‌ಜಿಬಿಯಲ್ಲಿ ಧಗಧಗ ಉರೀತಿರೋ ಕಿತ್ತಳೆ ಬಣ್ಣ ಸಿಎಂವೈಕೆ ಮಾಡಿದ ತಕ್ಷಣ ಸೊರಗತ್ತೆ, ಅದನ್ನ ಶೂಟಿಗೆ ಮುಂಚೆನೇ ಚೆಕ್ ಮಾಡ್ಕೊಂಡು ಬ್ಯಾಕ್‌ಗ್ರೌಂಡ್ ಪೇಪರ್ ಆರಿಸಿ. ಪ್ರಿಂಟರ್ ಹತ್ರ ಒಂದಡಿ ಚೌಕದ ಸ್ಯಾಂಪಲ್ ಹೊಡೆಸಿ, ಲೋಟದ ಕಪ್ಪು ಗೆರೆ ಮತ್ತೆ ನೊರೆ ಎರಡೂ ಬರೋ ಭಾಗ, ಅದನ್ನ ಅಂಗಡಿ ಟ್ಯೂಬ್‌ಲೈಟಲ್ಲಿ ನೋಡ್ಬೇಡಿ, ಮಧ್ಯಾಹ್ನ ಬಿಸಿಲಿಗೆ ಒಯ್ದು ನೋಡಿ. ಬಟ್ಟೆ ಮೇಲೆ ಪ್ರಿಂಟ್ ಮಾಡೋದಾದ್ರೆ ಇಂಕ್ ಹೀರ್ಕೊಂಡು ಇನ್ನೂ ಮಂಕಾಗತ್ತೆ, ಕಾಂಟ್ರಾಸ್ಟ್ ಒಂದು ಹಿಡಿ ಜಾಸ್ತಿ ಇಡಿ. ಫ್ಲೆಕ್ಸ್ ವಿಷಯದಲ್ಲಿ ಲೈಸೆನ್ಸ್ ಪತ್ರ ಇದ್ಯಾ ಅಂತ ಮಾಲೀಕರಿಗೆ ಒಂದು ಮಾತು ನೆನಪಿಸಿ, 2018ರ ಆಗಸ್ಟಲ್ಲಿ ಹೈಕೋರ್ಟ್ ಗದರಿಸಿದ ಮೇಲೆ ಬೆಂಗ್ಳೂರಲ್ಲಿ ಆಗಿನ ಮಹಾನಗರ ಪಾಲಿಕೆ ಬಿಬಿಎಂಪಿಯವ್ರು ಲಾರಿಗಟ್ಲೆ ಫ್ಲೆಕ್ಸ್ ಕಿತ್ತಿದ್ದು ನಾವೆಲ್ಲ ನೋಡಿದೀವಿ.

ಪ್ರಿಂಟಿಗೆ ಕಳಿಸೋ ಮುಂಚೆ ಕೊನೇ ಟೆಸ್ಟು. ಜಾಗ ನೋಡೋಕೆ ಹೋದಾಗ ತೆಗ್ದ ವಿಡಿಯೋದಿಂದ ಒಂದು ಫ್ರೇಮ್ ತಗೊಂಡು, ಬೋರ್ಡಿನ ಜಾಗದಲ್ಲಿ ನಿಮ್ಮ ಡಿಸೈನ್ ಕೂರಿಸಿ, ಓರೆ ಇದ್ದಷ್ಟೇ ಓರೆ ಮಾಡಿ. ಮೊಬೈಲ್ ಬ್ರೈಟ್‌ನೆಸ್ ಅರ್ಧಕ್ಕೆ ಇಳ್ಸಿ, ಬಿಸಿಲಲ್ಲಿ ನಿಂತು, ಈ ವಿಷಯ ಏನೂ ಗೊತ್ತಿಲ್ದಿರೋ ಒಬ್ಬರಿಗೆ ಎರಡು ಸೆಕೆಂಡ್ ತೋರ್ಸಿ ವಾಪಸ್ ತಗೊಳಿ, ಏನು ನೋಡಿದ್ರಿ ಅಂತ ಕೇಳಿ. ನಾನು ನಮ್ಮ ಬೀದಿ ಟೀ ಅಂಗಡಿ ಅಣ್ಣನಿಗೆ ತೋರಿಸ್ತೀನಿ, ಅವ್ರಿಗೆ ಸಂಕೋಚ ಇಲ್ಲ. ಒಂದ್ಸಲ ಎರಡು ದಿನ ಕಷ್ಟಪಟ್ಟು ತೆಗ್ದ ಹಿತ್ತಾಳೆ ಲೋಟದ ಫೋಟೋ ತೋರ್ಸಿದ್ರೆ "ದೀಪದ ಕಂಬನಾ" ಅಂದ್ರು. ಹೋಗಿ ಸ್ಟೀಲ್ ಲೋಟ ಇಟ್ಟು ಮತ್ತೆ ತೆಗ್ದೆ.

ಬೋರ್ಡ್ ಏರಿದ ಮೇಲೆ ಬೆಳಗ್ಗೆ ಒಂದ್ಸಲ, ಸಂಜೆ ಏಳಕ್ಕೆ ಲೈಟ್ ಹಾಕಿದ ಮೇಲೆ ಒಂದ್ಸಲ ಹೋಗಿ ಮತ್ತೆ ವಿಡಿಯೋ ಮಾಡ್ಕೊಳಿ, ಮುಂದಿನ ಕೆಲಸಕ್ಕೆ ಅದಕ್ಕಿಂತ ಒಳ್ಳೆ ನೋಟ್ಸ್ ಸಿಗಲ್ಲ. ಮೂರ್ನಾಲ್ಕು ತಿಂಗಳು ಬಿಸಿಲು ಮಳೆ ತಿಂದ ಮೇಲೂ ಆ ಕಡೆ ಹೋದ್ರೆ ಇಣುಕಿ ನೋಡಿ. ಸಾಮಾನ್ಯವಾಗಿ ಹಳದಿ ಕೆಂಪು ಮೊದ್ಲು ಹೋಗಿ ಬೋರ್ಡ್ ನೀಲಿಗೆ ತಿರುಗಿರತ್ತೆ, ಆಗಲೂ ಲೋಟ ಲೋಟ ಅಂತ ಗೊತ್ತಾಗ್ತಿದ್ರೆ ಆ ಕಪ್ಪು ಚಾರ್ಟ್ ಪೇಪರ್ ಪಟ್ಟಿ ಎತ್ತಿಟ್ಕೊಳಿ, ಅಳತೆ ಸರಿಯಾಗಿದೆ.